ಗೋಬರ್ ಗ್ಯಾಸಿನ ಮಡಿ

1776ರಲ್ಲಿ ಇಟಲಿಯ ಮಾಜ್ಜೋರೆ ಸರೋವರದ ಜೌಗು ದಂಡೆಯಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಎಂಬ ವಿಜ್ಞಾನಿಯು ಕೋಲಿನಿಂದ ಕೆಸರನ್ನು ಕದಡಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು ಉರಿಸಿ ನೋಡಿದ ವಾಯುವೇ ನಮ್ಮ ಹಳ್ಳಿಗಳ ಗೋಬರ್ ಗ್ಯಾಸಿನಲ್ಲಿಯೂ ಉರಿಯುವ ಮೀಥೇನ್. ಸಗಣಿಯ ಗುಂಡಿಯಲ್ಲಿ ಅದು ಏಕಾಕಿಯಾಗಿ ಹುಟ್ಟದು. 100ರಲ್ಲಿ 35–40 ಪಾಲು ಉರಿಯದ ಇಂಗಾಲದ ಡೈಆಕ್ಸೈಡ್, ಸಾಲದೆಂಬಂತೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಅದರ ಸಹಜಾತರು.

ಮಡಿಯ ವಿಷಯದಲ್ಲಿ ಅಡುಗೆಮನೆಯಷ್ಟು ನಿಷ್ಠುರವಾದ ಸ್ಥಳ ನಮ್ಮಲ್ಲಿ ಬೇರೊಂದಿಲ್ಲ. ಆದರೂ ಈ ಅನಿಲವು ಮೈಲಿಗೆಯಲ್ಲಿಯೇ ಒಳಬಂದರೆ ಒಲೆಯು ಆಕ್ಷೇಪಿಸದು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಬಳಗದವರು 1987ರಲ್ಲಿ ಊರ ಸಗಣಿಯ ಅನಿಲವನ್ನು ಡೀಸೆಲ್ಲಿನೊಡನೆ ಎಂಜಿನ್ನಿಗೆ ಉಣಿಸಿ, ಮನೆಮನೆಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದಾಗ, ಅದು ನೆಟ್ಟ ಎಂಜಿನ್ನಾದುದರಿಂದ ಉರಿಯದ ಪಾಲನ್ನು ಬೇರ್ಪಡಿಸುವ ಗೊಡವೆಯೇ ಬೇಕಾಗಲಿಲ್ಲ. ಬುತ್ತಿಯ ಭಾರದ ಚಿಂತೆ ದಾರಿಗನಿಗೆ ಮಾತ್ರ. ವಾತಾವರಣದ ಇನ್ನೂರು ಪಟ್ಟು ಒತ್ತಡದಲ್ಲಿ ಅನಿಲವನ್ನು ಸಿಲಿಂಡರಿಗೆ ತುಂಬಿ ಹೊರಡುವ ವಾಹನವು ಮೂರರಲ್ಲೊಂದು ಪಾಲಿಗೂ ಮಿಗಿಲಾಗಿ ಕಲ್ಲು ಬೆರೆತ ಅನ್ನವನ್ನು ಹೊತ್ತೊಯ್ಯುವುದುಂಟೆ? ಹೈಡ್ರೋಜನ್ ಸಲ್ಫೈಡಿನ ಗಂಧಕದ ಅಂಶವಂತೂ ತೇವದೊಡನೆ ಸೇರಿ ಲೋಹವನ್ನೇ ತಿನ್ನತೊಡಗುತ್ತದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಅಭಾವ ಬಂದಾಗ, ಜರ್ಮನಿಯ ಕೆಲವು ನಗರಗಳಲ್ಲಿ ಚರಂಡಿ ನೀರಿನ ಶುದ್ಧೀಕರಣಾಲಯಗಳ ಅನಿಲದಿಂದ ವಾಹನಗಳನ್ನು ಓಡಿಸಿದರು. ಪೆಟ್ರೋಲು ಸುಲಭವಾದೊಡನೆ ಆ ವಿದ್ಯೆ ಮೂಲೆಗೆ ಬಿದ್ದಿತು.

ಶುದ್ಧಿಯ ವಿಧಾನಗಳಲ್ಲಿ ನನಗೆ ಪ್ರಿಯವಾದುದು ಜಲಸ್ನಾನ. ಎತ್ತರದ ಕಂಬದೊಳಗೆ ಮೇಲಿನಿಂದ ನೀರು ಇಳಿಯುತ್ತಿರಲು ಕೆಳಗಿನಿಂದ ಅನಿಲವನ್ನು ಒತ್ತಡದಲ್ಲಿ ಏರಿಸಿದರೆ, ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗುತ್ತದೆ, ಮೀಥೇನ್ ಬಹುಮಟ್ಟಿಗೆ ಕರಗದೆ ಮೇಲೇರುತ್ತದೆ. ಆ ನೀರಿನ ಒತ್ತಡವನ್ನು ಇಳಿಸಿದೊಡನೆ, ಗೋಲಿ ಸೋಡಾದ ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿದಾಗ ನೊರೆಯುಕ್ಕುವ ಹಾಗೆ, ಕರಗಿದ್ದುದು ಬುಸ್ಸೆಂದು ಹೊರಹೊಮ್ಮುತ್ತದೆ. ಗಂಧಕಕ್ಕೆ ಬೇರೆಯೇ ಮದ್ದು: ತುಕ್ಕು ಹಿಡಿದ ಕಬ್ಬಿಣದ ಪುಡಿ. ದುರ್ಗಂಧವನ್ನು ಹೀರುತ್ತ ಕೆಂಪಾಗಿದ್ದುದು ಕಪ್ಪಾಗುತ್ತದೆ. ಗಾಳಿಗೆ ಹರವಿದರೆ ಮರಳಿ ಕೆಂಪೇರಿ, ಕೆಲವು ಸಲ ಮತ್ತೆ ದುಡಿಯುತ್ತದೆ.

ಹೀಗೆ ಮಿಂದ ಅನಿಲದಿಂದ ಸ್ವೀಡನ್ನಿನ ಲಿನ್‌ಶೋಪಿಂಗ್ ನಗರದ ಬಸ್ಸುಗಳು ಓಡಿದುವು. 2005ರಲ್ಲಿ ಅಲ್ಲಿಂದ ಸಮುದ್ರತೀರದ ವೆಸ್ಟರ್‌ವಿಕ್‌ಗೆ ‘ಅಮಾಂಡಾ’ ಎಂಬ ರೈಲುಬಂಡಿಯೂ ಹೊರಟಿತು. ಮಡಿಯ ಮಾತೆತ್ತಿದ ನನಗೆ ಇಲ್ಲಿ ಕೊಂಚ ಸಂಕೋಚ: ಆ ಬಂಡಿಯನ್ನು ಎಳೆದ ಅನಿಲ ಹುಟ್ಟಿದುದು ಕಸಾಯಿಖಾನೆಯಲ್ಲಿ ಉಳಿದ ಕರುಳು ಕೊಬ್ಬುಗಳಿಂದ.