ನಕಾಶೆಯಲ್ಲಿ ಮಾತ್ರ ಖಾಲಿಯಿದ್ದ ನೆಲ

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ 2013ರಲ್ಲಿ ಹೊರತಂದ 'ಯುರೋಪಾ ಯೂನಿವರ್ಸಾಲಿಸ್ 4' ಎಂಬ ಕಂಪ್ಯೂಟರ್ ಆಟ 1444ರಿಂದ 1821ರವರೆಗಿನ ಜಗತ್ತನ್ನು ಆಟಗಾರನ ಕೈಗೆ ಒಪ್ಪಿಸುತ್ತದೆ. ನಮ್ಮ ನಗರಗಳ ಎಷ್ಟೋ ಮನೆಗಳಲ್ಲಿ ಹುಡುಗರು ಇತಿಹಾಸವನ್ನು ಪಠ್ಯಪುಸ್ತಕಕ್ಕಿಂತ ಇಂತಹ ಆಟಗಳಿಂದಲೇ ಹೆಚ್ಚು ಕಲಿಯುತ್ತಿದ್ದಾರೆ. ಆದುದರಿಂದ ಅದು ವಸಾಹತು ಸ್ಥಾಪನೆಯನ್ನು ಹೇಗೆ ಲೆಕ್ಕ ಹಾಕುತ್ತದೆ ಎಂಬುದನ್ನು ಹಿರಿಯರೂ ಗಮನಿಸುವುದು ಒಳಿತು.

ಆಟದ ಕ್ರಮ ಸರಳವಾದುದು. ಯಾವ ರಾಜ್ಯದ ಬಣ್ಣವೂ ಇಲ್ಲದ ಪ್ರಾಂತ್ಯವೊಂದಕ್ಕೆ ವಲಸೆಗಾರನನ್ನು ಕಳುಹಿಸಬೇಕು. ಖಜಾನೆಯಿಂದ ಅದರ ಖರ್ಚನ್ನು ಭರಿಸುತ್ತಿರಬೇಕು. ನೆಲೆಸಿದವರ ಸಂಖ್ಯೆ 1000 ಮುಟ್ಟಿದೊಡನೆ ಪ್ರಾಂತ್ಯ ಪೂರ್ತಿಯಾಗಿ ನಮ್ಮದು. ಮೂಲನಿವಾಸಿಗಳಲ್ಲಿ ಕೆಲವು ಬುಡಕಟ್ಟುಗಳಿಗೆ ರಾಜ್ಯಗಳ ಸ್ಥಾನ ದೊರೆತಿದೆ. ಉಳಿದವರು ಎಷ್ಟು ಮಂದಿ, ಎಷ್ಟು ಉಗ್ರರು ಎಂಬ ಅಂಕಿಗಳಾಗಿ ಪ್ರಾಂತ್ಯದ ಮೂಲೆಯಲ್ಲಿ ಉಳಿಯುತ್ತಾರೆ.

ಈ ಲೆಕ್ಕವನ್ನು ಇಂಗ್ಲಿಷರ ವರ್ಜೀನಿಯಾದ ಪಕ್ಕದಲ್ಲಿಟ್ಟು ನೋಡೋಣ. 1607ರ ಮೇ ತಿಂಗಳಲ್ಲಿ ಜೇಮ್ಸ್‌ಟೌನಿನಲ್ಲಿ ಇಳಿದವರು ಸುಮಾರು 104 ಮಂದಿ. 1609ರ ಚಳಿಗಾಲದ ಆರಂಭದಲ್ಲಿ ವಸಾಹತಿನಲ್ಲಿ ಐನೂರರಷ್ಟು ಜನರಿದ್ದರು. ವಸಂತದ ವೇಳೆಗೆ ಜೇಮ್ಸ್‌ಟೌನಿನಲ್ಲಿ ಬದುಕಿ ಉಳಿದವರು ಅರವತ್ತರಷ್ಟು. 1610ರ ಜೂನ್‌ನಲ್ಲಿ ಅವರು ಕೋಟೆಯನ್ನು ತೊರೆದು ಹಡಗು ಹತ್ತಿಯೂ ಬಿಟ್ಟಿದ್ದರು. ಹೊಸ ಗವರ್ನರ್ ಡಿ ಲಾ ವಾರನ ಹಡಗುಗಳು ಬರುತ್ತಿರುವ ಸುದ್ದಿ ನದಿಯಲ್ಲೇ ತಲುಪದಿದ್ದರೆ ವರ್ಜೀನಿಯಾದ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮೊದಲ ಹದಿನೇಳು ಹದಿನೆಂಟು ವರ್ಷಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಅಲ್ಲಿಗೆ ಹೋದರು. 1625ರ ಗಣತಿಯಲ್ಲಿ ಸಿಕ್ಕವರು ಸುಮಾರು 1200. ಕೆಲವರು ಹಿಂತಿರುಗಿದ್ದರು, ಬಹಳಷ್ಟು ಜನ ಸತ್ತಿದ್ದರು.

ಹಾಗಾದರೆ ವಾಸ್ತವಕ್ಕೆ ಹತ್ತಿರವಾದ ಆಟದಲ್ಲಿ ಜನಸಂಖ್ಯೆಯ ಅಂಕಿ ತಾನಾಗಿ ಏರತಕ್ಕದ್ದಲ್ಲ. ಹೊಸ ಹಡಗು ಬಂದಿತೆಂದರೆ ಉಣ್ಣುವ ಬಾಯಿಗಳೂ ಹೆಚ್ಚಿದವು. ಆ ಬಾಯಿಗಳಿಗೆ ಜೋಳ ದೊರೆಯುತ್ತಿದ್ದುದು ಪೌಹಟನ್ ಎಂಬ ನಾಯಕನ ಜನರಿಂದ. ಅವನ ಅಧೀನದಲ್ಲಿ ಸುಮಾರು ಮೂವತ್ತು ಬುಡಕಟ್ಟುಗಳಿದ್ದವು. ಅವನು ಜೋಳ ಕೊಟ್ಟಾಗ ವಸಾಹತು ಉಸಿರಾಡಿತು. 1609ರಲ್ಲಿ ವ್ಯಾಪಾರ ನಿಲ್ಲಿಸಿ ಕೋಟೆಯನ್ನು ಸುತ್ತುವರಿದಾಗ ಹಸಿವಿನಿಂದ ಸತ್ತಿತು. 1622ರ ಮಾರ್ಚ್‌ನಲ್ಲಿ ಅವನ ಉತ್ತರಾಧಿಕಾರಿ ಒಪೆಚಾನ್‌ಕನೋ ಒಂದೇ ದಿನ ಹಲವು ನೆಲೆಗಳ ಮೇಲೆ ದಾಳಿ ಮಾಡಿಸಿದ. 347 ವಲಸಿಗರು ಹತರಾದರು. ಆಟದಲ್ಲಿ ಇಂತಹ ಘಟನೆಯು ದಾಳ ಬಿದ್ದಂತೆ ಆಕಸ್ಮಿಕವಾಗಿ ಒದಗುವ 'ದಂಗೆ'. ಇತಿಹಾಸದಲ್ಲಿ ಅದು ಆಲೋಚಿಸಿ ಕೈಗೊಂಡ ರಾಜಕೀಯ ತೀರ್ಮಾನ. ಎದುರು ಬದಿಯಲ್ಲಿಯೂ ಯೋಚಿಸುವ ಒಬ್ಬ ಆಟಗಾರನಿದ್ದ ಎಂಬುದನ್ನು ಒಪ್ಪಿಕೊಳ್ಳುವುದೇ ಮೊದಲ ತಿದ್ದುಪಡಿ.

ಎರಡನೆಯದು ರೋಗ. 1620ರಲ್ಲಿ ಪ್ಲಿಮತ್‌ಗೆ ಬಂದವರಿಗೆ ಉತ್ತು ಬಿತ್ತಿದ್ದ ಬಯಲು ಖಾಲಿಯಾಗಿ ದೊರೆಯಿತು. ಅದು ಪಟುಕ್ಸೆಟ್ ಎಂಬ ಊರು. 1616ರಿಂದ 1619ರ ನಡುವೆ ಹಬ್ಬಿದ ಸಾಂಕ್ರಾಮಿಕವೊಂದು ಊರಿನವರನ್ನು ಅಳಿಸಿಹಾಕಿತ್ತು. ವಲಸೆಗಾರರಿಗಿಂತ ಮುಂಚೆಯೇ ಮೀನುಗಾರರ, ವ್ಯಾಪಾರಿಗಳ ಹಡಗುಗಳು ಆ ಕರಾವಳಿಗೆ ಬಂದುಹೋಗುತ್ತಿದ್ದವು. ನೆಲ ಖಾಲಿಯಾಗಿ ಇರಲಿಲ್ಲ, ಖಾಲಿಯಾಯಿತು. ಆ ಹಿಂದಿನ ನಡೆ ಆಟದ ಲೆಕ್ಕಕ್ಕೆ ಬರಬೇಕು.

ಮೂರನೆಯದು ಹಣ ಮತ್ತು ದುಡಿಮೆ. ಆಟದಲ್ಲಿ ಖರ್ಚು ಮಾಡುವವನು ರಾಜ. ವರ್ಜೀನಿಯಾದಲ್ಲಿ ರಾಜ ಕೊಟ್ಟದ್ದು 1606ರ ಒಂದು ಸನ್ನದು. ಹಣ ಹಾಕಿದವರು ಕಂಪನಿಯ ಷೇರುದಾರರು. 1618ರಿಂದ ತಲೆಗೆ ಐವತ್ತು ಎಕರೆಯಂತೆ ಜಮೀನು ಕೊಡುವ ಆಸೆ ತೋರಿಸಿ ಜನರನ್ನು ಕರೆಸಿದರು. ಜಾನ್ ರಾಲ್ಫ್ ಬೆಳೆಸಿ ತೋರಿಸಿದ ಹೊಗೆಸೊಪ್ಪು ವಸಾಹತನ್ನು ಉಳಿಸಿತು. ಅದಕ್ಕೆ ಬೇಕಾದ ನೆಲ ಪೌಹಟನ್ ಜನರದು, ದುಡಿಮೆ ಕರಾರಿನ ಆಳುಗಳದು. 1619ರಲ್ಲಿ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ಅಲ್ಲಿ ಇಳಿಸಿ ಆಹಾರಕ್ಕೆ ಬದಲಾಗಿ ಕೊಟ್ಟುಹೋದರು. 1624ರಲ್ಲಿ ದೊರೆ ಕಂಪನಿಯ ಸನ್ನದನ್ನು ರದ್ದುಗೊಳಿಸಿದ. ಮುಂಬಯಿಯಲ್ಲಿ ನೆಲೆಸಿದ ನಮಗೆ ಈ ಕಾಗದದ ಆಳ್ವಿಕೆ ಹೊಸತಲ್ಲ. 1661ರ ವಿವಾಹ ಒಪ್ಪಂದದಲ್ಲಿ ಪೋರ್ಚುಗೀಸರಿಂದ ಎರಡನೆಯ ಚಾರ್ಲ್ಸ್‌ಗೆ ಬಳುವಳಿಯಾಗಿ ಬಂದ ಮುಂಬಯಿಯು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಇಲ್ಲಿನ ನಿವಾಸಿಗಳನ್ನು ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಸೇರಿಸಿದರೆ ಆಟದ ಸ್ವಾರಸ್ಯ ಕೆಡುವುದಿಲ್ಲವೇ ಎಂಬ ಆಕ್ಷೇಪಣೆ ಸಹಜ. ತಂತ್ರದಾಟದ ಸ್ವಾರಸ್ಯವಿರುವುದು ಕಠಿಣವಾದ ಆಯ್ಕೆಗಳಲ್ಲಿ. ಜೋಳ ಕೊಡುವವನ ಸ್ನೇಹವನ್ನು ಉಳಿಸಿಕೊಳ್ಳುವುದೋ, ಹೊಗೆಸೊಪ್ಪಿಗಾಗಿ ಅವನ ಹೊಲಕ್ಕೆ ಕೈಹಾಕುವುದೋ ಎಂಬ ಪ್ರಶ್ನೆ 1000ದವರೆಗೆ ಏರುವ ಅಂಕಿಗಿಂತ ರೋಚಕವಾದುದು. ಪೌಹಟನ್ನನ ಕಡೆಯಿಂದ ಆಡುವವನಿಗೂ ಪ್ರಶ್ನೆ ಅಷ್ಟೇ ಕಠಿಣ: ಹಸಿದು ಬಂದ ಈ ನೂರು ಜನರನ್ನು ವ್ಯಾಪಾರದ ನಂಟರನ್ನಾಗಿ ಇಟ್ಟುಕೊಳ್ಳುವುದೋ, ಆರಂಭದಲ್ಲೇ ಹೊರದಬ್ಬುವುದೋ? ಮುಂದೆ ಬರಲಿರುವ ಹಡಗುಗಳ ಸಂಖ್ಯೆ ಅವನಿಗೆ ತಿಳಿಯದು.

1609ರಲ್ಲಿ ಜೇಮ್ಸ್‌ಟೌನಿಗೆ ನೆರವು ಹೊತ್ತು ಹೊರಟ 'ಸೀ ವೆಂಚರ್' ಹಡಗು ಬರ್ಮುಡಾದಲ್ಲಿ ಒಡೆಯಿತು. ಷೇಕ್ಸ್‌ಪಿಯರನ 'ದಿ ಟೆಂಪೆಸ್ಟ್' ನಾಟಕಕ್ಕೆ ಆ ವೃತ್ತಾಂತ ಪ್ರೇರಣೆಯೆಂದು ಬಹುಪಾಲು ವಿದ್ವಾಂಸರ ಅಭಿಮತ. ಅಲ್ಲಿನ ದ್ವೀಪದಲ್ಲಿ ಕ್ಯಾಲಿಬನ್ ಮೊದಲೇ ಇದ್ದಾನೆ. ದ್ವೀಪ ತನ್ನದೆಂದು ಬಾಯಿಬಿಟ್ಟು ಹೇಳುತ್ತಾನೆ.

ಯಾರದೂ ಅಲ್ಲದ ನೆಲ ಎಂಬ ಭಾವನೆ ಆಟದವರು ಹುಟ್ಟುಹಾಕಿದ್ದಲ್ಲ. 1788ರಲ್ಲಿ ಆಸ್ಟ್ರೇಲಿಯಾದಲ್ಲಿ ಬ್ರಿಟಿಷರು ನೆಲೆಯೂರಿದ ಮೇಲೆ ಅಲ್ಲಿನ ಕಾನೂನು ಅದನ್ನೇ ಆಧಾರವಾಗಿ ಇಟ್ಟುಕೊಂಡಿತ್ತು. ಅದು ಸಲ್ಲದೆಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ ಮಾಬೊ ಪ್ರಕರಣದಲ್ಲಿ ಹೇಳಿದ್ದು 1992ರಲ್ಲಿ, ಇನ್ನೂರ ನಾಲ್ಕು ವರ್ಷಗಳ ತರುವಾಯ. ಆಳಿಸಿಕೊಂಡವರ ಮೊಮ್ಮಕ್ಕಳು ಇಂದು ಪುಣೆಯಲ್ಲೋ ದೆಹಲಿಯಲ್ಲೋ ಕುಳಿತು ಬಣ್ಣವಿಲ್ಲದ ಪ್ರಾಂತ್ಯಕ್ಕೆ ವಲಸೆಗಾರನನ್ನು ಕಳುಹಿಸುತ್ತಿದ್ದಾರೆ. ಅವರು ಆಡಲಿ, ಗೆಲ್ಲಲಿ. ಆ ಪ್ರಾಂತ್ಯದಲ್ಲಿ ಅದಾಗಲೇ ಯಾರೋ ಜೋಳ ಬಿತ್ತಿದ್ದರು ಎಂಬುದನ್ನು ಆಟ ಅವರಿಗೆ ತಿಳಿಸುವಂತಾಗಲಿ.