ಕ್ಯಾತನಹಳ್ಳಿಯಿಂದ ಮಾನಸಗಂಗೋತ್ರಿಗೆ: ಬಸ್ಸು, ರೈಲು, ಬೈಕು – ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು?

ಕಾಲೇಜು ಪ್ರವೇಶದ ಸಮಯ ಬಂತೆಂದರೆ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಕೆಲವು ಸಂದೇಶಗಳು ಮತ್ತೆ ಎದ್ದು ಓಡಾಡುತ್ತವೆ. "ಹುಡುಗನಿಗೆ ಬೈಕ್ ಕೊಡಿಸಿ, ಬಸ್ಸಿಗಿಂತ ಅಗ್ಗ." "ಹೆಣ್ಣುಮಕ್ಕಳಿಗೆ ಎಲ್ಲಾ ಬಸ್ಸೂ ಫ್ರೀ, ಯಾವ ಕಾರ್ಡ್ ತೋರಿಸಿದರೂ ನಡೆಯುತ್ತೆ." "ಬ್ಯಾಟರಿ ಗಾಡಿಗೆ ಲೈಸೆನ್ಸೇ ಬೇಡ." "ಕ್ಯಾಂಪಸ್ ಒಳಗೆ ಹೆಲ್ಮೆಟ್ ಕೇಳೋ ಹಾಗಿಲ್ಲ." ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂತಹ ಊರಿನಿಂದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ದಿನಾ ಹೋಗಿ ಬರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಮೊದಲು, ಹೋಗಬೇಕಾದ್ದು ಎಲ್ಲಿಗೆ?

ಇದು ತಮಾಷೆಯ ಪ್ರಶ್ನೆಯಲ್ಲ. ಹೊಸಬರು ಮೊದಲ ದಿನ ದಾರಿ ತಪ್ಪುವುದೇ ಇಲ್ಲಿ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾನಿಲಯದ ಆಡಳಿತ ಕಚೇರಿ ಇರುವುದು ಕ್ರಾಫರ್ಡ್ ಹಾಲ್‌ನಲ್ಲಿ. ಸ್ನಾತಕೋತ್ತರ ವಿಭಾಗಗಳು ಇರುವುದು ಮಾನಸಗಂಗೋತ್ರಿಯಲ್ಲಿ. ಎರಡರ ನಡುವೆ ಕುಕ್ಕರಹಳ್ಳಿ ಕೆರೆ ಇದೆ. "ಯೂನಿವರ್ಸಿಟಿ ಸ್ಟಾಪ್" ಎಂದು ಕೇಳಿದರೆ ಯಾರು ಎಲ್ಲಿ ಇಳಿಸುತ್ತಾರೋ ಹೇಳಲಾಗದು. ಕುವೆಂಪು ಇಟ್ಟ ಹೆಸರನ್ನೇ ಪೂರ್ತಿಯಾಗಿ ಹೇಳಿ: ಮಾನಸಗಂಗೋತ್ರಿ. ಪಕ್ಕದಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮುಕ್ತಗಂಗೋತ್ರಿಯೂ ಇರುವುದರಿಂದ ಕೊನೆಯ ಅಕ್ಷರ ಮಾತ್ರವಲ್ಲ, ಮೊದಲ ಅಕ್ಷರವನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು.

ಕ್ಯಾಂಪಸ್ಸಿನ ಒಂದು ಬದಿಗೆ ಹುಣಸೂರು ರಸ್ತೆ, ಇನ್ನೊಂದು ಬದಿಗೆ ಬೋಗಾದಿ ರಸ್ತೆ. ನಿಮ್ಮ ವಿಭಾಗ ಯಾವ ರಸ್ತೆಗೆ ಹತ್ತಿರ ಎಂದು ಮೊದಲೇ ತಿಳಿದುಕೊಂಡರೆ ದಿನಾ ಹದಿನೈದು ಇಪ್ಪತ್ತು ನಿಮಿಷದ ನಡಿಗೆ ಉಳಿಯುತ್ತದೆ. ಪಾಂಡವಪುರ ಕಡೆಯ ಬಸ್ಸುಗಳು ನಿಲ್ಲುವುದು ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಲ್ಲಿ. ಸಿಟಿ ಬಸ್ಸುಗಳು ಹೊರಡುವುದು ಅರಮನೆ ಬಳಿಯ ನಗರ ಬಸ್ ನಿಲ್ದಾಣದಿಂದ. ಎರಡೂ ಬೇರೆ ಬೇರೆ, ಆದರೆ ನಡೆದೇ ಹೋಗುವಷ್ಟು ದೂರ. ಆ ದೂರಕ್ಕೆ ಆಟೋ ಹತ್ತುವ ಅಗತ್ಯವಿಲ್ಲ.

"ಎಲ್ಲಾ ಬಸ್ಸೂ ಫ್ರೀ, ಯಾವ ಕಾರ್ಡ್ ಆದರೂ ಸರಿ"

ಅರ್ಧ ಸತ್ಯ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಕರ್ನಾಟಕದ ನಿವಾಸಿಗಳಾದ ಹೆಣ್ಣುಮಕ್ಕಳು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹಣ ಕೊಡದೆ ಓಡಾಡಬಹುದು. ಪಾಂಡವಪುರದಿಂದ ಮೈಸೂರಿಗೆ ಹೋಗುವ ಸಾಮಾನ್ಯ ಬಸ್ಸು, ಮೈಸೂರಿನ ಸಾಮಾನ್ಯ ಸಿಟಿ ಬಸ್ಸು ಎರಡೂ ಇದರಲ್ಲಿ ಸೇರುತ್ತವೆ. ರಾಜಹಂಸ, ಎಸಿ, ಸ್ಲೀಪರ್ ಬಸ್ಸುಗಳು ಸೇರುವುದಿಲ್ಲ. ಖಾಸಗಿ ಬಸ್ಸುಗಳಂತೂ ಇಲ್ಲವೇ ಇಲ್ಲ.

ಕಾರ್ಡಿನ ವಿಷಯಕ್ಕೆ ಬಂದರೆ, ಕಂಡಕ್ಟರ್ ನೋಡುವುದು ಎರಡನ್ನು: ನಿಮ್ಮ ಫೋಟೋ ಮತ್ತು ಕರ್ನಾಟಕದ ವಿಳಾಸ. ಆಧಾರ್, ಮತದಾರರ ಚೀಟಿಯಲ್ಲಿ ಎರಡೂ ಇವೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವೇ ಇಲ್ಲ, ಅದಕ್ಕೇ ಅದು ನಡೆಯುವುದಿಲ್ಲ. ಕಾರಣ ಗೊತ್ತಿದ್ದರೆ ಕಂಡಕ್ಟರ್ ಜೊತೆ ಜಗಳವೂ ಇರುವುದಿಲ್ಲ. ಫೋನಿನ ಡಿಜಿಲಾಕರ್‌ನಲ್ಲಿರುವ ಆಧಾರ್ ತೋರಿಸಬಹುದು. ಹಣ ಕೊಡದಿದ್ದರೂ ಶೂನ್ಯ ದರದ ಟಿಕೆಟ್ ಪಡೆಯಲೇಬೇಕು, ಇಳಿಯುವ ತನಕ ಇಟ್ಟುಕೊಳ್ಳಬೇಕು. "ಶಕ್ತಿ ಕಾರ್ಡಿಗೆ ಈ ಲಿಂಕ್ ಒತ್ತಿ, ಹಣ ಕಟ್ಟಿ" ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸದೆ ಅಳಿಸಿಬಿಡಿ.

ಗಂಡುಮಕ್ಕಳಿಗೆ ರಿಯಾಯಿತಿ ದರದ ವಿದ್ಯಾರ್ಥಿ ಪಾಸ್ ಇದೆ. ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. 2025ರ ಜನವರಿ 5ರಿಂದ ಬಸ್ ದರ ಶೇ 15ರಷ್ಟು ಏರಿದೆ. ಹಾಗಾಗಿ ಹಳೆಯ ದರಪಟ್ಟಿಯ ಫೋಟೋಗಳನ್ನು ನಂಬಿ ಜೇಬಿನಲ್ಲಿ ಲೆಕ್ಕದ ಚಿಲ್ಲರೆ ಮಾತ್ರ ಇಟ್ಟುಕೊಂಡು ಹೊರಡಬೇಡಿ.

ಮರೆತುಹೋಗಿರುವ ರೈಲು

ಪಾಂಡವಪುರಕ್ಕೆ ರೈಲು ನಿಲ್ದಾಣ ಇದೆ ಎಂಬುದನ್ನು ನಮ್ಮಲ್ಲಿ ಎಷ್ಟೋ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿದ್ದ ಕಾಲದಿಂದಲೂ ರೈಲು ಇದೆ. ಅಲ್ಲಿಂದ ಶ್ರೀರಂಗಪಟ್ಟಣ, ನಾಗನಹಳ್ಳಿ, ಆಮೇಲೆ ಮೈಸೂರು. ತೊಂದರೆ ಏನೆಂದರೆ ನಿಲ್ದಾಣ ಪಟ್ಟಣದಿಂದ ದೂರ ಇದೆ, ಕ್ಯಾತನಹಳ್ಳಿಯಿಂದ ಇನ್ನೂ ದೂರ. ಲಾಭ ಏನೆಂದರೆ ಮೈಸೂರು ನಿಲ್ದಾಣದಿಂದ ಕ್ರಾಫರ್ಡ್ ಹಾಲ್ ಕಡೆಗೆ ಆರಾಮವಾಗಿ ನಡೆಯಬಹುದು, ಮಾನಸಗಂಗೋತ್ರಿಯೂ ಬಸ್ ನಿಲ್ದಾಣದಿಂದ ಇರುವುದಕ್ಕಿಂತ ಹತ್ತಿರ.

ಶಕ್ತಿ ಯೋಜನೆ ರೈಲಿಗೆ ಇಲ್ಲ. ಆದರೆ ರೈಲ್ವೆಯದೇ ಒಂದು ಸೌಲಭ್ಯ ಇದೆ, ಅದು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ. ಮನೆಯಿಂದ ಕಾಲೇಜಿಗೆ ಹೋಗಿ ಬರಲು ಪದವಿ ಹಂತದ ತನಕ ಹೆಣ್ಣುಮಕ್ಕಳಿಗೆ ಎರಡನೇ ದರ್ಜೆಯ ಮಾಸಿಕ ಪಾಸ್ ಉಚಿತ, ಗಂಡುಮಕ್ಕಳಿಗೆ ಹನ್ನೆರಡನೇ ತರಗತಿಯ ತನಕ. ಮಿಕ್ಕ ವಿದ್ಯಾರ್ಥಿಗಳಿಗೆ ವಯಸ್ಸಿನ ಮಿತಿಯೊಳಗೆ ಅರ್ಧ ದರ. ಕಾಲೇಜಿನಿಂದ ಪ್ರಮಾಣಪತ್ರ ಬರೆಸಿಕೊಂಡು ನಿಲ್ದಾಣದ ಕೌಂಟರಿನಲ್ಲಿ ಕೊಡಬೇಕು. ಈ ಪಾಸ್ ಇಟ್ಟುಕೊಂಡು ಕಾಯ್ದಿರಿಸಿದ ಬೋಗಿ ಹತ್ತಿದರೆ ದಂಡ ಬೀಳುತ್ತದೆ.

"ಬೈಕ್ ಕೊಡಿಸಿ, ಅಗ್ಗ"

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಹೋಗಿ ಬರಲು ದಿನಕ್ಕೆ 60 ಕಿಲೋಮೀಟರ್ ಎಂದು ಇಟ್ಟುಕೊಳ್ಳಿ. ಲೀಟರಿಗೆ 45 ಕಿಲೋಮೀಟರ್ ಕೊಡುವ ಗಾಡಿ, ಪೆಟ್ರೋಲ್ ಲೀಟರಿಗೆ 100 ರೂಪಾಯಿ. ದಿನಕ್ಕೆ ಸುಮಾರು 133 ರೂಪಾಯಿ, 24 ದಿನಕ್ಕೆ 3,200 ರೂಪಾಯಿ ಬರೀ ಪೆಟ್ರೋಲಿಗೆ. ಕಂತು, ವಿಮೆ, ಆಯಿಲ್, ಟೈರು ಇನ್ನೂ ಸೇರಿಲ್ಲ. ಬಸ್ ಪಾಸ್ ಇರುವ ಹುಡುಗನಿಗೆ ಇದು ಯಾವ ಲೆಕ್ಕದಲ್ಲೂ ಅಗ್ಗವಲ್ಲ. ಹುಡುಗಿಗೆ ಸಾಮಾನ್ಯ ಬಸ್ಸಿನಲ್ಲಿ ಖರ್ಚೇ ಇಲ್ಲದಿರುವಾಗ ಹೋಲಿಕೆಯ ಮಾತೇ ಇಲ್ಲ.

ಹಣ ಹೋಗಲಿ, ದಾರಿ ನೋಡಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. "ಎಕ್ಸ್‌ಪ್ರೆಸ್‌ವೇಲಿ ಅರ್ಧ ಗಂಟೆ" ಎಂಬ ಮಾತು ಬೈಕಿನವರಿಗೆ ಅನ್ವಯಿಸುವುದಿಲ್ಲ. ಹಳ್ಳಿ ರಸ್ತೆಯಲ್ಲಿ ಕಬ್ಬಿನ ಕಾಲ ಬಂದರೆ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಗಾಡಿಗಳು. ಇನ್ನು ನಾಲೆ ಏರಿಯ ಒಳದಾರಿಗಳು. ಇದೇ ತಾಲ್ಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು, ಅವರಲ್ಲಿ ಶಾಲೆಯ ಮಕ್ಕಳೂ ಇದ್ದರು. ಅಷ್ಟು ದೊಡ್ಡ ಬಸ್ಸಿಗೇ ಆ ಗತಿಯಾದರೆ, ಕತ್ತಲಲ್ಲಿ ತಡೆಗೋಡೆ ಇಲ್ಲದ ನಾಲೆ ಪಕ್ಕ ಬೈಕಿನಲ್ಲಿ ಹೋಗುವುದು ಐದು ನಿಮಿಷ ಉಳಿಸುವ ಉಪಾಯವಲ್ಲ.

ವೇಗದ ಲೆಕ್ಕ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಎದುರು ಹಸು ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಗಾಡಿ ಅಷ್ಟು ದೂರ ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ.

"ಹತ್ತಿರಕ್ಕೆ, ಕ್ಯಾಂಪಸ್ಸಿಗೆ ಹೆಲ್ಮೆಟ್ ಬೇಡ"

ಸುಳ್ಳು, ಮತ್ತು ಅಪಾಯಕಾರಿ ಸುಳ್ಳು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ಓಡಾಡಲು ಹಕ್ಕಿರುವ ಜಾಗವೆಲ್ಲ ಸಾರ್ವಜನಿಕ ಸ್ಥಳವೇ. ಜನ, ಬಸ್ಸು, ಆಟೋ ಓಡಾಡುವ ರಸ್ತೆ ಕ್ಯಾಂಪಸ್ ಒಳಗಿದೆ ಎಂಬ ಕಾರಣಕ್ಕೆ ಕಾಯ್ದೆ ಗೇಟಿನ ಹೊರಗೆ ನಿಲ್ಲುವುದಿಲ್ಲ. ಕಾಯ್ದೆಗಿಂತ ಮುಖ್ಯ ತಲೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ ಹೇಳುವುದು ಇಷ್ಟು: ಬೈಕ್ ಅಪಘಾತದಲ್ಲಿ ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಶೇ 42ರಷ್ಟು, ತಲೆಗೆ ಗಾಯದ ಸಾಧ್ಯತೆಯನ್ನು ಶೇ 69ರಷ್ಟು ಇಳಿಸುತ್ತದೆ. ಹೆಲ್ಮೆಟ್ ಒಳಗಿನ ದಪ್ಪ ಥರ್ಮಾಕೋಲ್‌ನಂತಹ ಪದರ ಕುಗ್ಗುತ್ತಾ ಪೆಟ್ಟನ್ನು ತಾನು ತಿನ್ನುತ್ತದೆ. ಆ ಪದರವೇ ಇಲ್ಲದ ಟೋಪಿಯಂತಹ ಹೆಲ್ಮೆಟ್ ಪೊಲೀಸರಿಗೆ ತೋರಿಸಲು ಮಾತ್ರ. ಐಎಸ್‌ಐ ಗುರುತು ನೋಡಿ ಕೊಳ್ಳಿ, ಕೊರಳಪಟ್ಟಿ ಬಿಗಿಯಿರಿ. ಹಿಂದೆ ಕೂತವರಿಗೂ ಕರ್ನಾಟಕದಲ್ಲಿ 2016ರಿಂದ ಕಡ್ಡಾಯ.

"ಬ್ಯಾಟರಿ ಗಾಡಿಗೆ ಲೈಸೆನ್ಸ್ ಬೇಡ"

ಎಲ್ಲದಕ್ಕೂ ಅಲ್ಲ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರು ಮತ್ತು ಗಂಟೆಗೆ 25 ಕಿಲೋಮೀಟರ್ ಮೀರದ ವೇಗ, ಇವೆರಡೂ ಇರುವ ಗಾಡಿಗೆ ಮಾತ್ರ ಲೈಸೆನ್ಸ್, ನೋಂದಣಿ ಬೇಡ. ಅದಕ್ಕಿಂತ ಜೋರಾಗಿ ಓಡುವ ಸ್ಕೂಟರಿಗೆ ಪೆಟ್ರೋಲ್ ಗಾಡಿಯಂತೆಯೇ ಎಲ್ಲವೂ ಬೇಕು. ಅಂಗಡಿಯವರ ಮಾತು ಸಾಲದು, ಗಾಡಿಯ ಕಾಗದ ಓದಿ. ಪಿಯುಸಿ ಓದುವ, 18 ತುಂಬದ ಮಗನ ಕೈಗೆ ಗಾಡಿ ಕೊಟ್ಟು ಸಿಕ್ಕಿಬಿದ್ದರೆ ಶಿಕ್ಷೆ ಅಪ್ಪನಿಗೆ ಅಥವಾ ಗಾಡಿಯ ಮಾಲೀಕರಿಗೆ: 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. 2019ರ ತಿದ್ದುಪಡಿ ಇದನ್ನು ತಂದಿತು.

ಕ್ಯಾಂಪಸ್ ಒಳಗೆ ಓಡಾಡಲು

ಗಾಡಿ ಬೇಕಾಗಿಯೇ ಇಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಮರದ ನೆರಳಿನ ರಸ್ತೆಗಳು, ಎರಡು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷದ ನಡಿಗೆ, ಸೈಕಲ್ಲಾದರೆ ಹತ್ತೇ ನಿಮಿಷ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿನ್ ಟ್ರಿನ್ ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ 450 ಸೈಕಲ್, 48 ನಿಲ್ದಾಣಗಳೊಂದಿಗೆ ಶುರುವಾಯಿತು. ಆಗಿನ ಸುದ್ದಿಯನ್ನೇ ಇಂದಿನದೆಂಬಂತೆ ಕಳಿಸುವವರಿದ್ದಾರೆ. ಅದನ್ನು ನಂಬಿ ಪ್ರವಾಸ ಯೋಜಿಸುವ ಮೊದಲು ನಿಮ್ಮ ದಾರಿಯ ನಿಲ್ದಾಣದಲ್ಲಿ ಸೈಕಲ್ ಇದೆಯೇ, ಬ್ರೇಕ್ ಹಿಡಿಯುತ್ತದೆಯೇ ಎಂದು ಒಮ್ಮೆ ಹೋಗಿ ನೋಡಿ.

ಕ್ಯಾತನಹಳ್ಳಿಯಿಂದ ಪಾಂಡವಪುರದ ತನಕ ಬಸ್ಸು ಸಮಯಕ್ಕೆ ಸಿಗದವರಿಗೆ ಆ ತುಂಡು ದಾರಿಗೆ ಮಾತ್ರ ಬೈಕ್ ಬಳಸಿ, ಮುಂದೆ ಬಸ್ಸು ಹತ್ತುವುದು ಒಳ್ಳೆಯ ದಾರಿ. ಬಾಗಿಲಲ್ಲಿ ಜೋತಾಡಿಕೊಂಡು ಹೋಗುವಷ್ಟು ತುಂಬಿದ ಬಸ್ಸನ್ನು ಬಿಟ್ಟುಬಿಡಿ. ಸಂಜೆ ಗ್ರಂಥಾಲಯದಲ್ಲಿ ಕೂರುವವರು ಪಾಂಡವಪುರದಿಂದ ಊರ ಕಡೆಗೆ ಹೊರಡುವ ಕೊನೆಯ ಬಸ್ಸಿನ ಸಮಯವನ್ನು ಅಲ್ಲಿನ ನಿಲ್ದಾಣದಲ್ಲೇ ಕೇಳಿಟ್ಟುಕೊಂಡು, ಮೈಸೂರು ಬಿಡುವ ಹೊತ್ತನ್ನು ಅಲ್ಲಿಂದ ಹಿಂದಕ್ಕೆ ಎಣಿಸಿ.