ಬಳ್ಳಿಗಾವೆಯ ದಾರಿ, ದಾರಿಹೋಕರ ಊಟ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡು ಬಯಲುಸೀಮೆಗೆ ಸೇರುವ ಅಂಚಿನಲ್ಲಿವೆ. ಕರಾವಳಿಯ ಉಪ್ಪು, ತೆಂಗು ಘಟ್ಟ ಹತ್ತಿ ಬಂದದ್ದು, ಮಲೆನಾಡಿನ ಅಡಿಕೆ, ಮೆಣಸು ಬಯಲಿಗೆ ಹೋದದ್ದು, ಅತ್ತಣ ದವಸ ಇತ್ತ ಬಂದದ್ದು ಈ ಅಂಚಿನ ದಾರಿಗಳಲ್ಲೇ. ವ್ಯಾಪಾರಿ, ಸನ್ಯಾಸಿ, ವಿದ್ಯಾರ್ಥಿ, ಜಾತ್ರೆಗೆ ಹೊರಟ ಒಕ್ಕಲಿನವರು ಇಲ್ಲಿ ಸದಾ ಓಡಾಡುತ್ತಿದ್ದರು. ಬಹುಪಾಲು ಮಂದಿಯ ಕೈಯಲ್ಲಿ ಕಾಸು ಕಡಿಮೆ. ಆದರೂ ಪಟ್ಟಣ ಸೇರಿ ನಾಲ್ಕು ದಿನ ಉಳಿದು ಬರುವುದು ಅವರಿಗೆ ಕಷ್ಟವಾಗಲಿಲ್ಲ. ಆ ಖರ್ಚನ್ನು ಹೊರುತ್ತಿದ್ದವರು ಬೇರೆ ಇದ್ದರು.

11 ಮತ್ತು 12ನೆಯ ಶತಮಾನಗಳಲ್ಲಿ ಈ ಭಾಗದ ದೊಡ್ಡ ಪಟ್ಟಣವೆಂದರೆ ಬಳ್ಳಿಗಾವೆ. ಶಿರಾಳಕೊಪ್ಪದ ಪಕ್ಕದಲ್ಲಿ ಇಂದು ಹಳ್ಳಿಯಾಗಿರುವ ಈ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ರಾಜಧಾನಿ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಲ್ಲರ ದೇಗುಲಗಳೂ ಇಲ್ಲಿದ್ದವೆಂದು ಶಾಸನಗಳು ಹೇಳುತ್ತವೆ. ಯಾವ ಮತದ ಯಾತ್ರಿಕ ಬಂದರೂ ಮೈ ಚಾಚಲು ಒಂದು ಜಗಲಿ ಸಿಗುತ್ತಿತ್ತು ಎನ್ನಲು ಇಷ್ಟು ಸಾಕು.

ಇಂಥ ತಂಗುದಾಣಗಳಲ್ಲಿ ಹೆಸರಾದದ್ದು ಕೋಡಿಯ ಮಠ. ತಾವರೆಕೆರೆಯ ಬಳಿಯ ಕೇದಾರೇಶ್ವರ ಗುಡಿಗೆ ಸೇರಿದ ಈ ಮಠ ಕಾಳಾಮುಖ ಶೈವರದು. ಕೇದಾರಶಕ್ತಿ, ಸೋಮೇಶ್ವರ, ಗೌತಮ, ವಾಮಶಕ್ತಿ ಮೊದಲಾದವರು ಅದರ ಗುರುಗಳಾಗಿದ್ದರು. 1162ರ ಒಂದು ಶಾಸನ ಮಠವನ್ನು ವರ್ಣಿಸುವ ಬಗೆ ಕರ್ನಾಟಕದ ಶಾಸನಗಳಲ್ಲೇ ಅಪರೂಪದ್ದು. ನಾಲ್ಕು ವೇದ, ಹಲವು ಪದ್ಧತಿಯ ವ್ಯಾಕರಣ, ಬೌದ್ಧವೂ ಸೇರಿದಂತೆ ದರ್ಶನಗಳು, ಪುರಾಣ, ಕಾವ್ಯ, ನಾಟಕಗಳ ಪಾಠ ಅಲ್ಲಿ ನಡೆಯುತ್ತಿತ್ತು. ಅದರ ಜೊತೆಗೇ ಬರುವುದು ಊಟದ ಪಟ್ಟಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಹಾಡುವವರು, ಬಾರಿಸುವವರು, ಕುಣಿಯುವವರು. ಜೈನ ಕ್ಷಪಣಕರು, ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರು. ನಾನಾ ದೇಶಗಳ ಭಿಕ್ಷುಕರು. ಇವರೆಲ್ಲರಿಗೂ ಅಲ್ಲಿ ತಡೆಯಿಲ್ಲದ ಅನ್ನ, ರೋಗಿಗಳಿಗೆ ಆರೈಕೆ, ಎಲ್ಲ ಜೀವಿಗಳಿಗೂ ಅಭಯ. ಶಾಸನಕವಿ ಹೊಗಳಿಕೆಗೆ ಕೂತವನು, ಅದನ್ನು ಅಷ್ಟರಮಟ್ಟಿಗೆ ಕಳೆದೇ ಓದಬೇಕು. ಆದರೂ ಪಟ್ಟಿಯಲ್ಲಿ ಮೇಳದವರೂ ವಾದ್ಯದವರೂ ಇರುವುದು ಗಮನಿಸತಕ್ಕದ್ದು. ಊರೂರು ತಿರುಗಿ ಹೊಟ್ಟೆ ಹೊರೆಯುವ ಕಲಾವಿದರಿಗೂ ಇಲ್ಲಿ ಎಲೆ ಹಾಕುತ್ತಿದ್ದರು ಎಂದಾಯಿತು.

ಈ ಅನ್ನ ಎಲ್ಲಿಂದ ಬಂತು ಎಂಬುದನ್ನೂ ಅದೇ ಶಾಸನ ತಿಳಿಸುತ್ತದೆ. ಕಳಚುರಿ ಬಿಜ್ಜಳ ದಕ್ಷಿಣದ ನಾಡನ್ನು ಹತೋಟಿಗೆ ತರಲು ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಾಗ ಮಠಕ್ಕೆ ದತ್ತಿ ಕೊಟ್ಟ. ದತ್ತಿ ಎಂದರೆ ನೆಲದ ಹುಟ್ಟುವಳಿ. ಅರಮನೆಗೆ ಹೋಗಬೇಕಾದ ಪಾಲು ಮಠದ ಕಣಜಕ್ಕೆ ಹೋಗುತ್ತಿತ್ತು. ದಾರಿಹೋಕನಿಗೆ ಪುಕ್ಕಟೆಯಾದ ಊಟದ ಭತ್ತ ದತ್ತಿಗ್ರಾಮದ ಒಕ್ಕಲಿಗ ಬೆಳೆದದ್ದು. ಆ ಒಕ್ಕಲಿಗನ ಹೆಸರು ಕಲ್ಲಿನ ಮೇಲೆ ಏರಲಿಲ್ಲ.

ವ್ಯಾಪಾರಿಗಳ ಪಯಣದ ರೀತಿಯೇ ಬೇರೆ. ಅಯ್ಯಾವೊಳೆಯ ಐನೂರ್ವರು ಎಂಬ ವಣಿಕ ಸಂಘದವರು ಬಳ್ಳಿಗಾವೆಯಲ್ಲಿ ಬೇರೂರಿದ್ದರು. 11ನೆಯ ಶತಮಾನದ ನಡುಭಾಗದ ಶಿಕಾರಿಪುರ ತಾಲ್ಲೂಕಿನ ಒಂದು ಶಾಸನ ಅವರನ್ನು ನೆಲದಾರಿ, ಜಲದಾರಿಗಳಲ್ಲಿ ಚೇರ, ಚೋಳ, ಪಾಂಡ್ಯ, ಮಗಧಗಳವರೆಗೂ ತಿರುಗುವವರೆಂದು ಕೊಂಡಾಡುತ್ತದೆ. ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಅವರ ಸರಕು. ಸಗಟಾಗಿ ಮಾರುವವರೂ ಇದ್ದರು, ಹೆಗಲ ಮೇಲೆ ಹೊತ್ತು ಮಾರುವವರೂ ಇದ್ದರು. ಎತ್ತು, ಕತ್ತೆ, ಕೋಣಗಳ ಬೆನ್ನಿಗೆ ಹೇರು ಕಟ್ಟಿ ಗುಂಪಾಗಿ ಸಾಗುವ ಇವರಿಗೆ ಊಟಕ್ಕಿಂತ ಭಾರವಾದ ಖರ್ಚೆಂದರೆ ಸುಂಕ. ಹೆರ್ಜುಂಕ, ವಡ್ಡರಾವುಳ ಎಂಬ ತೆರಿಗೆಗಳ ಹೆಸರು ಈ ಕಾಲದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವುಗಳ ಹುಟ್ಟುವಳಿಯನ್ನೂ ಗುಡಿ, ಮಠಗಳಿಗೆ ಬಿಟ್ಟುಕೊಡುವುದಿತ್ತು. ಹಾಗೆ ನೋಡಿದರೆ ಹೇರಿನವನು ತೆತ್ತ ಸುಂಕದಲ್ಲೂ ಜೋಳಿಗೆಯವನ ಅನ್ನದ ಪಾಲಿತ್ತು.

ಇನ್ನು ವಿದ್ಯಾರ್ಥಿಗಳ ಮಾತು. ಬಳ್ಳಿಗಾವೆಗೆ ಹತ್ತಿರದ ತಾಳಗುಂದ ಒಂದು ಅಗ್ರಹಾರ. ಕದಂಬರ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನೊಡನೆ ಓದಿಗಾಗಿ ಕಂಚಿಗೆ ಹೊರಟದ್ದನ್ನು ಈ ಊರಿನ ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಶಾಸನ ತಿಳಿಸುತ್ತದೆ. ಮುಂದೆ 12ನೆಯ ಶತಮಾನದ ಹೊತ್ತಿಗೆ ದೂರದ ವಿದ್ಯಾರ್ಥಿಗಳೇ ತಾಳಗುಂದಕ್ಕೆ ಬರುವಂತಾಗಿತ್ತು. ಅವರ ಊಟಕ್ಕೂ ದತ್ತಿಗಳಿದ್ದವು.

ಚಾಲುಕ್ಯ, ಕಳಚುರಿಗಳು ಅಳಿದ ಮೇಲೆ ಹೊಯ್ಸಳ, ಸೇವುಣರ ಎಳೆದಾಟದಲ್ಲಿ ಬಳ್ಳಿಗಾವೆ ಸೊರಗಿತು. ಪಟ್ಟಣ ಹೋದರೂ ಪದ್ಧತಿ ಉಳಿಯಿತು. ಕೆಳದಿಯ ನಾಯಕರು ವೀರಶೈವ ಮಠಗಳಿಗೆ ಉಂಬಳಿ ಬಿಟ್ಟು ದಾಸೋಹ ನಡೆಸಿದರು. ಮಠ ಸಿಗದ ಕಡೆ ಗುಡಿಯ ಪಡಸಾಲೆಯೇ ಬಿಡಾರ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಕರಾವಳಿಯಿಂದ ಘಟ್ಟ ಹತ್ತಿ ಈ ನಾಯಕರ ರಾಜಧಾನಿ ಇಕ್ಕೇರಿಗೆ ಬರುವಾಗ ದಾರಿಯ ಹನುಮಂತನ ಗುಡಿಯೊಂದರಲ್ಲಿ ತಂಗಿದ. ಅಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಬರೆದಿಟ್ಟ. ಒಂದೇ ಪಡಸಾಲೆ ಹಗಲಿಗೆ ಶಾಲೆ, ರಾತ್ರಿಗೆ ಛತ್ರ.

ಒಕ್ಕಲು ಮನೆಗಳವರು ಕುಟುಂಬಸಮೇತ ಹೊರಡುತ್ತಿದ್ದದ್ದು ಮುಖ್ಯವಾಗಿ ಜಾತ್ರೆಗೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ ದೂರದ ಬಯಲು ಜಿಲ್ಲೆಗಳಿಂದಲೂ ಗಾಡಿಗಳು ಬರುತ್ತಿದ್ದವು. ಬಿದಿರ ಕಮಾನಿಗೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಮೇಲೆ ಕಂಬಳಿ ಬಿಚ್ಚಿದರೆ ಗಾಡಿಯೇ ಮಲಗುವ ಕೋಣೆ. ಅಕ್ಕಿ, ಬೇಳೆ, ಪಾತ್ರೆ, ಎತ್ತಿನ ಮೇವು ಎಲ್ಲವೂ ಮನೆಯಿಂದಲೇ. ಮೊದಲ ದಿನಕ್ಕೆ ರೊಟ್ಟಿ ಬುತ್ತಿ, ಆಮೇಲೆ ತೋಪಿನಲ್ಲಿ ಮೂರು ಕಲ್ಲಿನ ಒಲೆ. ಎತ್ತು ದಣಿಯದಂತೆ ದಿನಕ್ಕೆ ನಾಲ್ಕೈದು ಹರದಾರಿ ನಡೆದರೆ ಹೆಚ್ಚು. ಬೇಸಿಗೆಯಲ್ಲಿ ಬೆಳದಿಂಗಳ ರಾತ್ರಿಗಳೇ ಪಯಣಕ್ಕೆ ಹಿತ. ಕಾಸು ಬಿಚ್ಚುವುದು ಹಣ್ಣುಕಾಯಿ, ಬಳೆ, ಬೆಂಡುಬತ್ತಾಸಿಗೆ ಮಾತ್ರ. ಮಠದ ಎಲೆಯ ಮುಂದೆ ಕೂರಲು ಒಪ್ಪದ ಮಾನವಂತ ಸಂಸಾರಕ್ಕೆ ಇದೇ ಒಗ್ಗುವ ದಾರಿಯಾಗಿತ್ತು. 

ರೈಲು ಶಿವಮೊಗ್ಗಕ್ಕೆ 19ನೆಯ ಶತಮಾನದ ಕೊನೆಗೆ ಬಂದು ಮುಂದೆ ಸಾಗರ, ತಾಳಗುಪ್ಪದತ್ತ ಹೊರಳಿತು. ಶಿಕಾರಿಪುರ, ಸೊರಬ ಪೇಟೆಗಳನ್ನು ಮುಟ್ಟಲಿಲ್ಲ. ಹೀಗಾಗಿ ಇಲ್ಲಿ ಗಾಡಿಯ ಜಾಗಕ್ಕೆ ಬಂದದ್ದು ಬಸ್ಸು, ಆಮೇಲೆ ಟ್ರ್ಯಾಕ್ಟರ್, ಟೆಂಪೊ. ಟಾರ್ಪಾಲು ಕಟ್ಟಿದ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಪಾತ್ರೆ ಪರಡಿಗಳ ಸಮೇತ ಜಾತ್ರೆಗೆ ಹೊರಡುವವರು ಕಮಾನು ಗಾಡಿಯ ವಾರಸುದಾರರೇ. ವಾಹನದ ವೇಗ ಒಂದು ವಾಡಿಕೆಗೂ ಅನುಕೂಲವಾಗಿದೆ. ಶಿಕಾರಿಪುರದ ಹುಚ್ಚರಾಯ, ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ ಈ ಮೂರು ಹನುಮರನ್ನು ಒಂದೇ ಹಗಲಲ್ಲಿ ಕಂಡರೆ ಪುಣ್ಯವೆಂಬ ನಂಬಿಕೆ ಇದೆ. ಕೊನೆಯ ಎರಡೂ ಊರುಗಳು ಹಾವೇರಿ ಜಿಲ್ಲೆಯವು. ಎತ್ತಿನ ಗಾಡಿಗೆ ಆಗದ ಮಾತು. ಬಾಡಿಗೆ ಟೆಂಪೊದವರು ಬೆಳಿಗ್ಗೆ ಹೊರಟು ಸಂಜೆಗೆ ಮುಗಿಸುತ್ತಾರೆ, ಮಧ್ಯಾಹ್ನದ ಬುತ್ತಿಯನ್ನು ಯಾವುದಾದರೊಂದು ಗುಡಿಯ ಅಂಗಳದಲ್ಲಿ ಬಿಚ್ಚುತ್ತಾರೆ.